ಕೌದಿಯ ಒಳಪದರ

ಭುವನೇಶ್ವರಿ ಕೌದಿಯನ್ನು ಹೊರಳಿಸಿ ನೋಡಿದಳು. ಮತ್ತೊಮ್ಮೆ ಹೊರಳಿಸಿದಳು. ಮೇಲೆ ಅವ್ವನ ಹಳೆಯ ಇಳಕಲ್ ಸೀರೆ, ಕೆಳಗೆ ತಮ್ಮ ಕಲ್ಯಾಣಕುಮಾರನ ಸವೆದ ಲುಂಗಿ. ತಾನು ಕಳಿಸಿದ್ದ ಬಟ್ಟೆಯ ಒಂದು ಚೂರೂ ಕಾಣಲಿಲ್ಲ.

“ಯವ್ವಾ, ನಾ ಕೊಟ್ಟ ಅರಿವಿ ಎಲ್ಲದ?”

“ಒಳಗದ ಬೇ. ನಡುವಿನ ಪದರಕ್ಕ ಹಾಕೇನಿ,” ಎಂದಳು ರೇವಮ್ಮ. “ಹೊಸ ಅರಿವಿ ಎಳೀ ಕೂಸಿನ ಮೈಗೆ ಚುಚ್ಚತದ. ಹಳೀದು ಹಾಸಿದ್ರ ಮೆತ್ತಗ, ಕೂಸಿಗೂ ಆಯುಷ್ಯ.”

ಅದು ಸುಳ್ಳೇನಲ್ಲ. ತವರೂರು ಸರಸಂಬಾದಲ್ಲಿ ಯಾವ ಕೂಸೂ ಹೊಸ ಬಟ್ಟೆಯ ಮೇಲೆ ಮಲಗಿ ಬೆಳೆದದ್ದಿಲ್ಲ. ಆದರೆ ಈ ಬಟ್ಟೆ ಬೇರೆ. ಜೇವರ್ಗಿಯಲ್ಲಿ ವಿಜ್ಞಾನದ ಮಾಸ್ತರನಾಗಿರುವ ಅವಳ ಗಂಡ ಧಮ್ಮಪಾಲ ಮೊಬೈಲಿನಲ್ಲಿ ಹುಡುಕಾಡಿ ತರಿಸಿದ್ದು. ಕಡುನೀಲಿ ಹತ್ತಿಯ ಮೇಲೆ ಗ್ರಹಗಳು, ಬಾಲದ ಧೂಮಕೇತು, ರಾಕೆಟ್ಟು, ದುರ್ಬೀನು. ಮಗಳು ಕಣ್ಣು ಬಿಟ್ಟಾಗಲೆಲ್ಲ ಆಕಾಶ ಕಾಣಲಿ ಎಂದು ಅವನ ಆಸೆ. ಭುವನೇಶ್ವರಿ ಅದನ್ನು ತಮ್ಮನ ಕೈಯಲ್ಲಿ ಕಳಿಸಿ, ಅವ್ವ ಕೌದಿ ಹೊಲಿದುಕೊಡಲಿ ಎಂದಿದ್ದಳು. ಬೇರೆ ಜಾತಿಯವನ ಕೈಹಿಡಿದು ಹೋದಮೇಲೆ ತವರಿನಿಂದ ಅವಳು ಕೇಳಿದ್ದು ಇದೊಂದೇ. ರೇವಮ್ಮನೂ ಕೇಳಿದ್ದೇ ತಡ, ಹೊಲಿದಳು. ಊರಿನ ಸಲಾವುದ್ದೀನನ ಕ್ರೂಸರ್ ಗಾಡಿ ಜೇವರ್ಗಿಗೆ ಹೊರಟಿದ್ದು ತಿಳಿದು ಅದರಲ್ಲೇ ಬಂದಳು. ಪರಿಚಯದವರನ್ನು ಕಾಣುವುದಿದೆ ಎಂದು ಅವನಿಗೆ ಹೇಳಿ ಬಸ್‌ಸ್ಟ್ಯಾಂಡಿನ ಹತ್ತಿರವೇ ಇಳಿದು, ಮಗಳ ಮನೆಯವರೆಗೆ ನಡೆದಿದ್ದಳು.

“ನಾಕು ಸಲ ಒಗದು ಮೆತ್ತಗ ಮಾಡೇ ಕಳಿಸಿದ್ನಲ್ಲ,” ಎಂದಳು ಭುವನೇಶ್ವರಿ.

“ಬಣ್ಣ ಬಿಟ್ಟೀತು ಅಂತ…”

“ಒಗದಾಗ ಬಿಡಲಿಲ್ಲ. ಈಗ ಬಿಡ್ತದೇನು?”

ರೇವಮ್ಮ ಅಳಿಯನ ಕಡೆ ತಿರುಗಿದಳು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. “ಅದರಾಗ ಉಂಗುರ ಹಾಕ್ಕೊಂಡು ಕುಂತಾಂವ ಶನಿ ಅಂತ ಕಲ್ಯಾಣ ಹೇಳಿದ. ಎಳೀ ಕೂಸಿನ ಎದಿ ಮ್ಯಾಲ ಶನೀನ ಕೂಡಸ್ಲೇನ್ರಿ?”

ಧಮ್ಮಪಾಲ ನಕ್ಕುಬಿಟ್ಟ. “ಶನಿ ಭಾಳ ದೂರ ಇರ್ತಾನ್ರಿ ಅತ್ತಿ. ಅವಗ ನಮ್ಮ ಮನಿ ಪತ್ತೇನ ಗೊತ್ತಿಲ್ಲ.” ಆಮೇಲೆ ಹೆಂಡತಿಗೆ, “ಹೋಗ್ಲಿ ಬಿಡು ಭುವನಾ. ಹೊಲಿಗಿ ನೋಡು, ಎಷ್ಟು ಸಣ್ಣದು ಹಾಕ್ಯಾರ,” ಎಂದ.

ಭುವನೇಶ್ವರಿ ನಗಲಿಲ್ಲ. ಆ ಸಣ್ಣ ಹೊಲಿಗೆಯನ್ನೇ ಬೆರಳಿನಿಂದ ಸವರುತ್ತಿದ್ದಳು. “ಇದನ್ನ ಎಲ್ಲಿ ಕುಂತು ಹೊಲದಿ ಯವ್ವಾ?”

“ಮನ್ಯಾಗ.”

“ಕಟ್ಟಿ ಮ್ಯಾಲ ಯಾಕಿಲ್ಲ?”

ರೇವಮ್ಮನ ಕೌದಿಗಳೆಲ್ಲ ಕಟ್ಟೆಯ ಮೇಲೆ ಹುಟ್ಟಿದವು. ಓಣಿಯ ಹೆಂಗಸರು ಸುತ್ತ ಕೂತು, ಎಲೆಅಡಿಕೆ ಮೆಲ್ಲುತ್ತ, ಹೋಗಿಬರುವವರನ್ನು ಮಾತಾಡಿಸುತ್ತ ಆಳಿಗೊಂದು ಅಂಚು ಹಿಡಿಯುತ್ತಿದ್ದರು. ಈ ಕೌದಿಯನ್ನು ಮಾತ್ರ ಅವಳು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಹೊಲಿದಿದ್ದಳು. ಅಂಥ ಬಟ್ಟೆ ಕಂಡರೆ ಯಾರದು ಎನ್ನುತ್ತಾರೆ, ಎಲ್ಲಿಂದ ಬಂತು ಎನ್ನುತ್ತಾರೆ, ಆಮೇಲೆ ಮಗಳ ಹೆಸರು, ಅದರ ಹಿಂದೆಯೇ ಅಳಿಯನ ಜಾತಿ. ಊರ ಬಾಯಿಗೆ ಬೀಗ ಹಾಕುವವರು ಯಾರು? ಮೆತ್ತಗಿರಲಿ ಎಂದು ಒಳಗೆ ಹಾಕಿದ್ದೂ ನಿಜ, ಕಾಣದಿರಲಿ ಎಂದು ಹಾಕಿದ್ದೂ ನಿಜ. ಯಾವುದು ಹೆಚ್ಚು ಎಂದು ಸೂಜಿ ಹಿಡಿದಾಗ ಅವಳು ಕೇಳಿಕೊಂಡಿರಲಿಲ್ಲ. ಈಗ ಮಗಳ ಮುಖ ನೋಡುತ್ತ ಕೇಳಿಕೊಂಡಳು. ಯಾರ ಕಣ್ಣಿಗೆ ಬೀಳಬಾರದೆಂದು ಇಷ್ಟೆಲ್ಲ ಮಾಡಿದಳೋ ಅವರಲ್ಲಿ ಒಬ್ಬರೂ ಈ ಮನೆಯಲ್ಲಿರಲಿಲ್ಲ. ಇದ್ದವರು ಇವರು ಮೂವರೇ.

“ತಪ್ಪಾತು ಯವ್ವಾ,” ಎಂದಳು ಮಗಳಿಗೆ. “ಕತ್ರಿ ಕೊಡು. ಎಲ್ಲಾ ಬಿಚ್ಚಿ, ನಿಮ್ಮ ಅರಿವಿ ಮ್ಯಾಲ ಮಾಡಿ ಹೊಲೀತೇನಿ. ಎಷ್ಟು ದಿನಾ ಆದ್ರೂ ಇಲ್ಲೇ ಕುಂತು ಹೊಲೀತೇನಿ.”

“ಅರಿವಿದೇನು ಬಿಡು.” ಭುವನೇಶ್ವರಿ ಎದ್ದು ತೊಟ್ಟಿಲಿನಿಂದ ಕೂಸನ್ನು ಎತ್ತಿ, ಅದೇ ಕೌದಿಯಲ್ಲಿ ಸುತ್ತಿ ಅವ್ವನ ತೊಡೆಯ ಮೇಲೆ ಇಟ್ಟಳು. ಸಿಟ್ಟಿನಿಂದಲ್ಲ, ಕೇಳಲೇಬೇಕಾದ್ದನ್ನು ಕೇಳುವವಳಂತೆ ಕೇಳಿದಳು: “ನಾಳೆ ಇಕೀನ ಊರಿಗೆ ಕರ್ಕೊಂಡು ಬಂದ್ರ ಎಲ್ಲಿ ಕೂಡಸ್ತಿ? ಕಟ್ಟಿ ಮ್ಯಾಲೋ, ಅಡಗಿ ಮನ್ಯಾಗೋ?”

ರೇವಮ್ಮ ಮೊಮ್ಮಗಳನ್ನು ನೋಡಿದಳು. ಮೂಗು ಥೇಟ್ ಭುವನೇಶ್ವರಿಯದೇ. ಕೂಸಿಗೆ ಕೌದಿಯ ಬೆಚ್ಚನೆಗೆ ಆಗಲೇ ಕಣ್ಣು ಎಳೆಯುತ್ತಿತ್ತು.

“ಕಟ್ಟಿ ಮ್ಯಾಲ ಯವ್ವಾ,” ಎಂದಳು. “ಎಲ್ಲಾರ ಎದುರಿಗೆ, ನನ್ನ ತೊಡಿ ಮ್ಯಾಲ. ಯಾರ್ ಏನ್ ಅಂತಾರ ಅನ್ಲಿ.”

ಆ ಮಾತು ಅವಳ ಕರುಳಿನಿಂದಲೇ ಬಂದಿತ್ತು. ಭುವನೇಶ್ವರಿಯ ಮುಖ ಸಡಿಲವಾಯಿತು. ಧಮ್ಮಪಾಲ ಚಹಾಕ್ಕೆ ಇಡಲು ಒಳಗೆ ಹೋದ.

ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. “ರೇವಮ್ಮಕ್ಕಾ, ಇದೇ ಮನಿ ಏನ್ರಿ?” ಸಲಾವುದ್ದೀನನ ದನಿ. “ನಿಮ್ಮ ಹೋಳಿಗಿ ಗಂಟು ಗಾಡ್ಯಾಗೇ ಉಳದಿತ್ತು. ಕಲ್ಯಾಣಗ ಫೋನ್ ಮಾಡಿ ಮನಿ ಕೇಳಿದೆ.”

ಬಾಗಿಲಲ್ಲಿ ಅವನ ನೆರಳು ಬೀಳುವ ಮೊದಲೇ ರೇವಮ್ಮನ ಕೈ ತನ್ನಷ್ಟಕ್ಕೆ ಎದ್ದು, ಕೌದಿಯ ಅಂಚನ್ನು ಕೂಸಿನ ಮುಖದ ಮೇಲೆ ಎಳೆಯಿತು.