ನವಿಲಿನ ಮೇಲಿನ ಚಂದ್ರ

ನಮ್ಮ ಬಡಾವಣೆಯ ಪೇಂಟಿಂಗ್ ಕ್ಲಬ್ಬಿನ ಪ್ರದರ್ಶನದಲ್ಲಿ ಎರಡು ಆರತಿ ತಟ್ಟೆಗಳ ಮೇಲೆ ಒಂದೇ ನವಿಲು ಕಾಣಿಸಿತು. ಒಂದು ನನ್ನದು. ಇನ್ನೊಂದು, ಹತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ಬಣ್ಣ ಹಚ್ಚಿದ ಗೆಳತಿ ವತ್ಸಲೆಯದು.

“ಕಳ್ಳಿ!” ಎಂದಳು ಎಲ್ಲರೆದುರು. “ಚಂದ್ರನೊಬ್ಬನನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಕದ್ದಿದ್ದೀಯ.”

ಅವಳ ನವಿಲಿನ ತಲೆಯ ಮೇಲೆ ತೆಳುವಾದ ಅರೆಚಂದ್ರನಿದ್ದ. ನನ್ನದರಲ್ಲಿ ಇರಲಿಲ್ಲ.

“ಇದು ನಮ್ಮಮ್ಮನ ನವಿಲು ಕಣೇ. ಅಮ್ಮ ಹೋದ್ಮೇಲೆ ಅವರ ಡಿಸೈನ್ ಪುಸ್ತಕ ಕಳೆದುಹೋಯ್ತು ಅಂತ ನಿನ್ನ ಮುಂದೇನೇ ಅತ್ತಿದ್ದೆ. ಇದು ನೆನಪಿಂದ ಬಿಡಿಸಿದ್ದು.”

“ನಿಮ್ಮಮ್ಮನದಾದ್ರೆ ಚಂದ್ರ ಎಲ್ಲಿ?”

ಕೆಲವರು ನಕ್ಕರು. ನಾನು ಅವಳ ತಟ್ಟೆಯನ್ನು ಕೈಗೆತ್ತಿಕೊಂಡು ನೋಡಿದೆ.

“ಅದು ಚಂದ್ರ ಅಲ್ಲ ವತ್ಸಲಾ. ಅಮ್ಮನ ಪುಸ್ತಕದ ಮೇಲೆ ನಾನು ಕಾಫಿ ಲೋಟ ಇಟ್ಟಾಗ ಆದ ಕಲೆ.”