ಹೊಸ್ತಿಲಾಚೆಯ ಬಿಸಿಲು

"ಸಾಹುಕಾರ್ರ, ಈಕಿ ಕದ್ದದ್ದು ಇದೇ ಸೀರಿ ಏನ್ರಿ?" ಎಂದು ಸರ್ಕಾರಿ ವಕೀಲೆ ವಿಶಾಖಾ ಕೇಳಿದಾಗ, ಹುಮನಾಬಾದಿನ ಕೋರ್ಟಿನಲ್ಲಿ ಕಟಕಟೆ ಹಿಡಿದು ನಿಂತಿದ್ದ ರತ್ನಮಾಲಾ ಮುಂದೆ ಬಾಗಿ ನೋಡಿದಳು. ಕಳ್ಳಿ ಎಂದು ತೀರ್ಪಾದರೆ ಕೊಡಂಬಲದ ಅಂಗನವಾಡಿಯ ಕೆಲಸ ಹೋಗುತ್ತದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸು ಎಂದು ಗಂಡ ಬೆಳಗ್ಗೆಯೂ ಹೇಳಿದ್ದ. "ಮಾಡದ ಕಳವು ಹ್ಯಾಂಗ ಒಪ್ಪಲಿ?" ಎಂದು ಅವನ ಮೇಲೆ ರೇಗಿ ಬಂದಿದ್ದಳು.

ಬಣ್ಣ ನೋಡಲು ಸೀರೆಯನ್ನು ಬಿಸಿಲಿಗೆ ಹಿಡಿದಿದ್ದೆ ಎಂದು ಅವಳು ಹಿಡಿದ ದಿನವೇ ಸೀರೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಡಕೊಂಡಿದ್ದಳು. ಮಾಲೀಕ ಶರಣಕುಮಾರ ನಂಬಿರಲಿಲ್ಲ. "ರೊಕ್ಕ ಕೊಡದ ಹೊಸ್ತಿಲ ದಾಟಿದ್ರ ಅದು ಕಳವೇ ರೀ," ಎಂದು ಈಗಷ್ಟೇ ಸಾಕ್ಷಿ ಹೇಳಿದ್ದ.

ಅವನು ಸೀರೆಯ ಮಡಿಕೆ ಬಿಚ್ಚಿದ. ಹುಬ್ಬು ಗಂಟಿಕ್ಕಿದ. "ನಮ್ಮದು ನೇರಳಿ ಬಣ್ಣದ್ದರಿ. ಇದು ಕರಿ ಕಂಡಾಂಗ ಆಗ್ತದ. ಈ ಟ್ಯೂಬ್‌ಲೈಟಿನಾಗ ತಿಳಿಯಂಗಿಲ್ಲ, ತಡೀರಿ." ಸೆರಗನ್ನು ಅಂಗೈ ಮೇಲೆ ಹರಡಿಕೊಂಡು ನೆಟ್ಟಗೆ ಬಾಗಿಲಿಗೆ ನಡೆದ. ಬಿಸಿಲಿಗೆಂದು ಒಂದು ಕಾಲು ಹೊರಗಿಟ್ಟ.

"ಸಾಹುಕಾರ್ರ!" ರತ್ನಮಾಲಾ ಕೂಗಿದಳು. "ಹೊಸ್ತಿಲ ದಾಟಬ್ಯಾಡ್ರಿ, ನಿಮ್ಮನ್ನೂ ಪೊಲೀಸರು ಹಿಡಿತಾರ!"

ಜಡ್ಜ್ ಸಾಹೇಬರು ತಲೆ ಎತ್ತಿ ಬಾಗಿಲ ಕಡೆ ನೋಡಿದರು.