ಏಳನೇ ಚೌಕ

ಪಂಚಾಯ್ತಿ ಕಚೇರಿಯ ಸಭಾಂಗಣದಲ್ಲಿ ಕೆರೆ ಕಡೆಯ ಕಿಟಕಿ ಸರಳಿಗೆ ಕಟ್ಟಿದ್ದ ರಟ್ಟಿನ ಚೌಕಟ್ಟಿಗೆ ಒಂದು ಕಣ್ಣಿಟ್ಟು ನೋಡಿದ ಪ್ರೆಸಿಡೆಂಟ್ ನರಸಿಂಹರಾಜು, “ಆ ಏಳನೇ ಚೌಕದಾಗೆ ಇರೋದೇನದು?” ಎಂದು ಕೇಳಿದರು.

“ಕೋಳಿ ಶೆಡ್ಡು ಸಾರ್. ನಿಮ್ಮ ಭಾಮೈದಂದು,” ಎಂದ ನವಾಜ್.

ನವಾಜ್ ಸಿರಾದವನು. ಬೋರ್ಡು ಬರೆಯುವುದು ಕಸುಬು. ಫ್ಲೆಕ್ಸ್ ಬಂದ ಮೇಲೆ ಅವನ ಬ್ರಷ್ಷಿಗೆ ಲಾರಿಗಳ ಹಿಂಬದಿ ಬಿಟ್ಟರೆ ಬೇರೆ ಜಾಗ ಉಳಿದಿರಲಿಲ್ಲ. ದೊಡ್ಡೇರಿ ಹತ್ತಿರದ ಈ ಹಳ್ಳಿಯಲ್ಲಿ ಸಭಾಂಗಣದ ಗೋಡೆಯ ತುಂಬ ‘ನಮ್ಮೂರ ಕೆರೆ’ ಚಿತ್ರ ಬರೆಯಬೇಕೆಂದು ಕರೆದಾಗ ಎರಡು ಬಸ್ಸು ಬದಲಿಸಿ ಓಡಿ ಬಂದಿದ್ದ. ಚಪ್ಪಲಿ ಡಬ್ಬದ ಮುಚ್ಚಳ ಕೊಯ್ದು ಕಿಂಡಿ ಮಾಡಿ, ಕರಿ ದಾರ ಬಿಗಿದು ಹನ್ನೆರಡು ಚೌಕ ಮಾಡಿಕೊಂಡಿದ್ದ. ಎದುರು ಗೋಡೆಯ ಮೇಲೂ ಅಷ್ಟೇ ಚೌಕಗಳನ್ನು ಸೀಮೆಸುಣ್ಣದಲ್ಲಿ ಎಳೆದಿದ್ದ. ನೆಲದ ಮೇಲೆ ಹಾಕಿಕೊಂಡ ಗುರುತಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ದಾರದ ಯಾವ ಚೌಕದಲ್ಲಿ ಏನು ಕಾಣುತ್ತದೋ ಗೋಡೆಯ ಅದೇ ಚೌಕದಲ್ಲಿ ಅದನ್ನು ಬರೆಯುವುದು. ಅದರಲ್ಲಿ ಅವನು ಎಂದೂ ತಪ್ಪಿದವನಲ್ಲ.

“ಚೌಕಟ್ಟು ಒಂಚೂರು ಆ ಕಡೆ ಸರಿಸಪ್ಪ.”

“ಎಡಕ್ಕೆ ಸರಿಸಿದ್ರೆ ಶೆಡ್ಡಿನ ಜೊತೆ ತೂಬೂ ಹೋಗ್ತದೆ ಸಾರ್. ಬಲಕ್ಕೆ ಸರಿಸಿದ್ರೆ ಶೆಡ್ಡು ನಡೂಕೆ ಬರ್ತದೆ.”

ಪ್ರೆಸಿಡೆಂಟರು ಯೋಚಿಸಿದರು. “ತೂಬು ಬೇಕು. ಅದಕ್ಕೆ ರಿಪೇರಿ ಬಿಲ್ ಆಗೈತೆ. ಶೆಡ್ಡಿನ ಜಾಗದಾಗೆ ಒಂದು ಹೊಂಗೆ ಮರ ಬರಿ.”

“ಅಲ್ಲಿ ಮರ ಇಲ್ಲ ಸಾರ್.”

“ನೆಡಿಸ್ತೀವಿ. ಆಕ್ಷನ್ ಪ್ಲಾನ್‌ನಾಗೈತೆ.”

ನವಾಜ್ ಉಳಿದ ಹನ್ನೊಂದು ಚೌಕಗಳನ್ನು ಮೊದಲು ಮುಗಿಸಿದ. ಏಳನೆಯದು ಎರಡು ದಿನ ಖಾಲಿ ಉಳಿಯಿತು. ಮೂರನೆಯ ದಿನ ಕಚೇರಿ ಗುಡಿಸುವ ಓಬಕ್ಕ ಪೊರಕೆ ಪಕ್ಕಕ್ಕಿಟ್ಟು ಚೌಕಟ್ಟಿನಲ್ಲಿ ಕಣ್ಣಿಟ್ಟಳು. ಅವಳಿಗೆ ಎರಡು ಎಮ್ಮೆ. ಕೆರೆ ಅಂಗಳದಲ್ಲಿ ಶೆಡ್ಡು ಎದ್ದ ದಿನದಿಂದ ಕೆರೆಗಿಳಿಯುವ ದಾರಿ ಮುಚ್ಚಿಹೋಗಿ, ಎಮ್ಮೆಗಳಿಗೆ ಬೀದಿ ನಲ್ಲಿಯಿಂದ ನೀರು ಹೊತ್ತು ಅವಳ ಸೊಂಟ ಹಿಡಿದುಕೊಂಡಿತ್ತು. ಶೆಡ್ಡಿನ ಮೇಲೆ ಮಧುಗಿರಿ ತಾಲ್ಲೂಕು ಕಚೇರಿಗೆ ಹೋಗಿ ಮೂರು ಸಲ ಅರ್ಜಿ ಕೊಟ್ಟು ಬಂದಿದ್ದಳು.

“ನಮ್ ದಾರೀನೂ ಐತೆ, ಅದಕ್ಕೆ ಅಡ್ಡ ಶೆಡ್ಡೂ ಐತೆ,” ಎಂದಳು ಖುಷಿಯಿಂದ. “ಇದ್ದಂಗೇ ಬರೆದ್ಬುಡಪ್ಪ. ಅರ್ಜಿ ಆದ್ರೆ ಕಳೆದೋಗ್ತದೆ. ಗೋಡೆ ಎಲ್ಲಿಗೋಗ್ತದೆ?”

ಅವಳು ಹೋದ ಮೇಲೆ ನವಾಜ್ ಬಹಳ ಹೊತ್ತು ಹಸಿರು ಬಣ್ಣ ಕಲಸುತ್ತ ಕೂತಿದ್ದ. ಸಂಜೆಯ ಹೊತ್ತಿಗೆ ಮರ ಎದ್ದಿತ್ತು. ಮಾರನೆಯ ಬೆಳಿಗ್ಗೆ ಗುಡಿಸಲು ಬಂದ ಓಬಕ್ಕ ಅದನ್ನು ನೋಡಿದಳು. “ನೆಳ್ಳು ಚೆನ್ನಾಗೈತೆ,” ಎಂದಷ್ಟೇ ಹೇಳಿ ಅವನ ಕಾಲ ಬಳಿ ಬಿದ್ದಿದ್ದ ಬಣ್ಣದ ಚಿಂದಿಗಳನ್ನು ಗುಡಿಸಿಕೊಂಡು ಹೋದಳು.

ಗುರುವಾರ ಓಬಕ್ಕನ ಅರ್ಜಿಯ ಮೇಲೆ ಸ್ಥಳ ತನಿಖೆಗೆಂದು ಸರ್ವೆಯರ್ ನಾಗಲಿಂಗಯ್ಯ ಬಂದರು. ಹೊರಗೆ ಬಿಸಿಲು ಬಂಡೆ ಸೀಳುವಂತಿತ್ತು. ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿ, ಎಳನೀರು ತರಿಸಿ, ಪ್ರೆಸಿಡೆಂಟರು ಗೋಡೆ ತೋರಿಸಿದರು. “ಕೆರೆ ಹೆಂಗೈತೆ ಅನ್ನೋದನ್ನ ಇಲ್ಲೇ ನೋಡ್ಬೋದು ಸಾರ್. ಅಳತೆ ತಗೊಂಡೇ ಬರೆಸಿದ್ದೀವಿ.”

ಮೂಲೆಯಲ್ಲಿ ಬ್ರಷ್ ತೊಳೆಯುತ್ತಿದ್ದ ನವಾಜ್ ಎದ್ದು ಬಂದ. “ಸಾರ್, ಕಿಟಕೀಲಿ ಚೌಕಟ್ಟು ಕಟ್ಟಿದ್ದೀನಿ. ಆ ಗುರುತಿನ ಮೇಲೆ ನಿಂತ್ಕೊಂಡು ಒಂದ್ಸಲ ನೋಡ್ಬುಡಿ. ಎಲ್ಲಾ ಕಾಣ್ತದೆ.”

ನಾಗಲಿಂಗಯ್ಯನವರಿಗೆ ಆ ಉಪಕರಣ ಬಹಳ ಹಿಡಿಸಿತು. ಸರಳಿನಿಂದ ಬಿಚ್ಚಿ ಕೈಗೆ ತೆಗೆದುಕೊಂಡರು, ತಿರುಗಿಸಿ ನೋಡಿದರು. ಆಮೇಲೆ ಕಿಟಕಿಗೆ ಬೆನ್ನು ಹಾಕಿ, ಒಂದು ಕಣ್ಣು ಮುಚ್ಚಿ, ಅದನ್ನು ಗೋಡೆಯ ಚಿತ್ರಕ್ಕೆ ಹಿಡಿದರು. ಮುಂದೆ ಹೋದರು, ಎರಡು ಹೆಜ್ಜೆ ಹಿಂದೆ ಬಂದರು.

“ಹನ್ನೆರಡಕ್ಕೆ ಹನ್ನೆರಡೂ ತಾಳೆ ಆಗುತ್ತೆ,” ಎಂದು ಮೆಚ್ಚಿಕೊಂಡು ಕೂತು ಬರೆದರು: ‘ಸ್ಥಳ ಪರಿಶೀಲಿಸಲಾಯಿತು. ಕೆರೆ ಅಂಗಳದಲ್ಲಿ ಯಾವುದೇ ಕಟ್ಟಡ ಕಂಡುಬಂದಿರುವುದಿಲ್ಲ. ಒಂದು ಹೊಂಗೆ ಮರವಿರುತ್ತದೆ.’ ಆಮೇಲೆ ನವಾಜನತ್ತ ಕಾಗದ ಸರಿಸಿದರು. “ಬರೆದವರು ನೀವೇ ತಾನೆ? ಸಾಕ್ಷಿಗೆ ಒಂದು ಸೈನ್ ಹಾಕಿ.”

“ನಾನು ನೋಡಿದ್ದು ಶೆಡ್ಡು ಸಾರ್.”

“ಬರೆದದ್ದು?”

“ಮರ.”

“ಬರೆದದ್ದಕ್ಕೆ ಸೈನ್ ಹಾಕಿ. ನೋಡಿದ್ದನ್ನ ಯಾರೂ ಕೇಳ್ತಿಲ್ಲ.”

ನವಾಜ್ ಪೆನ್ನು ಹಿಡಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಗೊರಸಿನ ಸದ್ದಾಯಿತು. ಅರ್ಧ ತೆರೆದಿದ್ದ ಬಾಗಿಲಿನಲ್ಲಿ ಮೊದಲು ಒಂದು ಜೊತೆ ಕೊಂಬು, ಅದರ ಹಿಂದೆ ಹಗ್ಗ ಹಿಡಿದ ಓಬಕ್ಕ ಕಾಣಿಸಿದಳು. ಎರಡನೆಯ ಎಮ್ಮೆ ಮೆಟ್ಟಿಲ ಕೆಳಗೆ ಸರದಿಗೆ ನಿಂತಿತ್ತು.

“ಏನಮ್ಮ ಇದು? ಎಲ್ಲಿಗೆ?” ಎಂದು ನಾಗಲಿಂಗಯ್ಯ ಎದ್ದು ನಿಂತರು.

“ಕೆರೆಗೆ ಸಾಮಿ,” ಎಂದಳು ಓಬಕ್ಕ, ಗೋಡೆಯನ್ನು ತೋರಿಸಿ. “ಆ ಕೆರೆಗೆ ದಾರಿ ಇಲ್ಲ. ಇದಕ್ಕಾದ್ರೆ ಶೆಡ್ಡು ಅಡ್ಡ ಇಲ್ಲವಲ್ಲ, ನೀರು ಕುಡಿಸ್ಕೊಂಡು ಹೋಗ್ತೀನಿ.”

ನವಾಜ್ ಪೆನ್ನು ಮೇಜಿನ ಮೇಲಿಟ್ಟು ಹೋಗಿ, ಬಾಗಿಲಿನ ಇನ್ನೊಂದು ಕದವನ್ನೂ ತೆರೆದ.